ಹಿಡಿಕೆ ಇರುವ ಪೆಟ್ಟಿಗೆ

ಫೆಬ್ರವರಿ ೨, ಭಾನುವಾರ

ಇವತ್ತಿನಿಂದ ಬರೆಯೋಣ ಎಂದುಕೊಂಡಿದ್ದೇನೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಆಫೀಸಿನ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ. ಆದರೆ ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಎರಡನೇ ಸಾಲಿಗೇ ಮೇಲಧಿಕಾರಿಗೆ ಕಳಿಸುವ ವರದಿಯಾಗಿಬಿಡುತ್ತದೆ. ಕನ್ನಡದಲ್ಲಿ ನನ್ನ ಕೈ ನಿಧಾನ. ನಿಧಾನವಾಗಿ ಬರೆದರೆ ಸುಳ್ಳು ಕಡಿಮೆಯಾದೀತು ಎಂದು ಆಸೆ.

ವಿಷಯ ಇಷ್ಟು. ತಾನು ಯಾರ ಜೊತೆ ಇರುತ್ತೇನೆ ಎಂದು ಮಗಳು ಮಾರ್ಚ್ ಒಂದರಂದು ಹೇಳಬೇಕು. ಅವಳ ಅಪ್ಪ ಕಳೆದ ವರ್ಷವೇ ಬೇರೆ ಊರಿಗೆ ಹೋದರು, ಕಾರಿನಲ್ಲಿ ಅರ್ಧ ದಿನದ ದಾರಿ. ನಾವಿಬ್ಬರೂ ಕೂಗಾಡದೆ, ಸಹಿ ಹಾಕಬೇಕಾದಲ್ಲೆಲ್ಲ ಸಹಿ ಹಾಕಿ ಬೇರೆಯಾದೆವು. ಇತ್ಯರ್ಥವಾಗದೆ ಉಳಿದಿರುವುದು ಇವಳೊಬ್ಬಳ ವಿಷಯ. ಹದಿನಾರು ತುಂಬಿದವಳು, ಅವಳೇ ಹೇಳಲಿ ಎಂದು ಮಧ್ಯಸ್ಥಿಕೆ ನಡೆಸುವಾಕೆ ತೀರ್ಮಾನಿಸಿದ್ದಾರೆ. ಅಲ್ಲಿಯವರೆಗೆ ಇಬ್ಬರೂ ಆ ಬಗ್ಗೆ ಅವಳನ್ನು ಕೇಳಕೂಡದು, ಸುಳಿವು ಹಿಡಿಯಲೂ ನೋಡಕೂಡದು. ನಾನು ಒಪ್ಪಿ ತಲೆಯಾಡಿಸಿ ಬಂದಿದ್ದೇನೆ.

ನಿನ್ನೆ ಅವಳ ಲ್ಯಾಪ್‌ಟಾಪ್ ಸತ್ತಿತು. ಅವಳು ಅದರಲ್ಲಿ ಅನಿಮೇಷನ್ ಮಾಡುತ್ತಾಳೆ. ಒಂದು ಬಸವನಹುಳು ಮೆಟ್ಟಿಲು ಹತ್ತುವುದನ್ನು ತಿಂಗಳುಗಟ್ಟಲೆ ಮಾಡುತ್ತಿದ್ದಾಳೆ, ಹುಳು ಇನ್ನೂ ಮೇಲೆ ತಲುಪಿಲ್ಲ. ಲ್ಯಾಪ್‌ಟಾಪ್ ಬಿಸಿಯಾಗಿ ಬಿಸಿಯಾಗಿ ಕೊನೆಗೆ ಏಳಲೇ ಇಲ್ಲ. ಅವಳ ಅಪ್ಪ ಫೋನಿನಲ್ಲಿ, ಹೊಸದೊಂದು ಲ್ಯಾಪ್‌ಟಾಪ್ ಕಳಿಸುತ್ತೇನೆ ಎಂದರು. ಪಕ್ಕದಲ್ಲೇ ಇದ್ದ ನಾನು, ಬೇಡ, ಡೆಸ್ಕ್‌ಟಾಪ್ ಮಾಡೋಣ, ಒಂದೊಂದೇ ಭಾಗ ಆರಿಸಿ ನಾವೇ ಜೋಡಿಸೋಣ ಎಂದುಬಿಟ್ಟೆ.

ಹಲ್ಲುಜ್ಜುವ ಬ್ರಷ್ ಕೊಳ್ಳುವುದಕ್ಕೂ ಅಂಗಡಿಯಲ್ಲಿ ನಿಂತು ಯೋಚಿಸುವವಳು ನಾನು. ಇಷ್ಟು ಬೇಗ ಹೇಗೆ ಹೇಳಿದೆ? ಡೆಸ್ಕ್‌ಟಾಪ್ ಅಷ್ಟು ಬಿಸಿಯಾಗುವುದಿಲ್ಲ. ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು. ಬೇಕೆಂದಾಗ ಬೆಳೆಸಿಕೊಳ್ಳಬಹುದು. ಇವೆಲ್ಲ ನಿಜವಾದ ಕಾರಣಗಳು. ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಹೊರಟುಬಿಡಬಹುದು ಎನ್ನುವುದೂ ನಿಜ, ಆದರೆ ಅದು ಕಾರಣವಲ್ಲ.

ಫೆಬ್ರವರಿ ೪, ಮಂಗಳವಾರ

ನಮ್ಮ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಾಗುತ್ತದೆ. ಯಾವ ವಸ್ತುವಿಗೆ ಎಂಥ ಪೆಟ್ಟಿಗೆ, ಎಷ್ಟು ಪದರ, ಎಲ್ಲಿ ಮಡಿಕೆ, ಒಳಗೆ ಏನು ತುಂಬಿದರೆ ಅಲುಗಾಡುವುದಿಲ್ಲ ಎಂದು ಗೀಟು ಎಳೆಯುವುದು ನನ್ನ ಕೆಲಸ. ಮಾದರಿ ಸಿದ್ಧವಾದ ಮೇಲೆ ವಸ್ತುವನ್ನು ಒಳಗಿಟ್ಟು ಸೊಂಟದ ಎತ್ತರದಿಂದ, ಮೂಲೆ ನೆಲಕ್ಕೆ ತಾಗುವಂತೆ, ಬೇಕೆಂದೇ ಬೀಳಿಸುತ್ತೇವೆ. ಇವತ್ತು ಮಿಕ್ಸಿಯೊಂದನ್ನು ಬೀಳಿಸಿದೆವು. ಮಿಕ್ಸಿ ಉಳಿಯಿತು, ಜಾರಿನ ಮುಚ್ಚಳ ಸೀಳಿತು. ಮತ್ತೆ ಮೊದಲಿನಿಂದ.

ಸಂಜೆ ಊಟದ ಮೇಜಿನ ಮೇಲೆ ಮಗಳು ಒಂದು ಹಳೆಯ ರಟ್ಟಿನ ಹಾಳೆ ಹರವಿಕೊಂಡು ಕಂಪ್ಯೂಟರಿನ ಒಳಗನ್ನು ಬರೆದು ತೋರಿಸಿದಳು. ಮದರ್‌ಬೋರ್ಡ್ ಎಂದರೆ ಎಲ್ಲವೂ ಕೂರುವ ಹಲಗೆ. ಅದರ ಮೇಲೆ ಪ್ರೊಸೆಸರ್, ಪಕ್ಕದಲ್ಲಿ ಮೆಮೊರಿ, ಚಿತ್ರ ಬಿಡಿಸುವುದಕ್ಕೆ ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ಊಟ ಬಡಿಸುವ ಪವರ್ ಸಪ್ಲೈ, ಎಲ್ಲವನ್ನೂ ಹೊದೆಯುವ ಕ್ಯಾಬಿನೆಟ್. ಯಾವುದೂ ತನ್ನಷ್ಟಕ್ಕೆ ತಾನು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಇನ್ನೊಂದಕ್ಕೆ ಹೊಂದಬೇಕು ಎಂದಳು.

"ಒಂದನ್ನ ಬದಲಾಯಿಸಿದ್ರೆ ಇನ್ನೊಂದು ಮುನಿಸ್ಕೊಳ್ಳುತ್ತೆ. ನಮ್ಮನೆ ಥರ."

ಅವಳ ಅಪ್ಪ ಇವಳಿಗೆ ಮೆಣಸು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹೇಳಿದ ಮೇಲೆ ಅವಳೇ ತುಸು ಗಾಬರಿಯಾದಳು. ನಾನು ನಕ್ಕೆ. ಆಮೇಲೆ ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೂ ಗೊತ್ತಿಲ್ಲದವಳಂತೆ ಒಂದೊಂದಾಗಿ ಕೇಳಿದೆ. ಅವಳು ಇಷ್ಟು ಹೊತ್ತು ನನ್ನ ಎದುರು ಕೂತು ಮಾತಾಡಿದ್ದು ಯಾವಾಗ ಎಂದು ನೆನಪಾಗುತ್ತಿಲ್ಲ. ಊಟದ ತಟ್ಟೆಗಳನ್ನು ಆ ಹಾಳೆಯ ಮೇಲೆಯೇ ಇಟ್ಟುಕೊಂಡೆವು.

ಫೆಬ್ರವರಿ ೬, ಗುರುವಾರ

ಪ್ರೊಸೆಸರ್ ವಿಷಯ ತೀರ್ಮಾನವಾಯಿತು. ಒಂದೇ ಹೆಸರಿನಲ್ಲಿ ಎರಡು ಬಗೆ ಸಿಗುತ್ತದೆ. ಒಂದು, ಕಾರ್ಡ್ ಇಲ್ಲದಿದ್ದರೂ ತಾನೇ ಸ್ಕ್ರೀನಿನ ಮೇಲೆ ಚಿತ್ರ ಮೂಡಿಸಬಲ್ಲದು. ಇನ್ನೊಂದಕ್ಕೆ ಆ ಶಕ್ತಿ ಇಲ್ಲ, ಅದು ಪೂರ್ತಿಯಾಗಿ ಗ್ರಾಫಿಕ್ಸ್ ಕಾರ್ಡನ್ನು ನಂಬಿಕೊಂಡಿರುತ್ತದೆ. ನಾನು ಮೊದಲನೆಯದು ಇರಲಿ, ಕಾರ್ಡ್ ಕೆಟ್ಟರೆ ಏನು ಗತಿ ಎಂದೆ. ಅಮ್ಮ, ನಿನಗೆ ಎಲ್ಲದಕ್ಕೂ ಹಿಂದೊಂದು ಬಾಗಿಲು ಇರಲೇಬೇಕು ಎಂದಳು. ಸೋತೆ. ಎರಡನೆಯದೇ.

ಬೋರ್ಡಿನ ವಿಷಯದಲ್ಲಿ ಮಾತ್ರ ಇಬ್ಬರೂ ಬಿಗಿಯಾದೆವು. ಅವಳಿಗೆ ಎಲ್ಲಕ್ಕಿಂತ ಚಿಕ್ಕ ಬೋರ್ಡ್ ಬೇಕು, ಅಂಗೈಗಿಂತ ತುಸು ದೊಡ್ಡದು. ನಾನು ಊಟದ ಬಿಡುವಿನಲ್ಲಿ ಆಫೀಸಿನಲ್ಲಿ ಕೂತು ಓದಿಕೊಂಡು ಬಂದಿದ್ದೆ: ದೊಡ್ಡ ಬೋರ್ಡಿನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಮುಂದೆ ಏನಾದರೂ ಸೇರಿಸಲು ಖಾಲಿ ಸ್ಲಾಟುಗಳಿರುತ್ತವೆ.

"ಎಷ್ಟು ಸ್ಲಾಟ್ ಬೇಕಮ್ಮ ನಿನಗೆ? ನಾವೇನು ಬಾಡಿಗೆಗೆ ಬಿಡ್ತೀವಾ?"

ಚಿಕ್ಕದೇ ಏಕೆ ಎಂದು ಕೇಳಿದರೆ, ನೋಡೋಕೆ ಚೆನ್ನಾಗಿರುತ್ತೆ ಎಂದು ಮುಖ ತಿರುಗಿಸಿದಳು. ಚೆಂದಕ್ಕಾಗಿ ಹಟ ಮಾಡುವ ಹುಡುಗಿಯಲ್ಲ ಅವಳು. ಒಂದೇ ಚಪ್ಪಲಿಯನ್ನು ಸವೆಯುವವರೆಗೆ ಹಾಕುವವಳು. ಇದು ನನಗೆ ಅರ್ಥವಾಗಲಿಲ್ಲ.

ಫೆಬ್ರವರಿ ೮, ಶನಿವಾರ

ಇಬ್ಬರೂ ಅಂಗಡಿಗೆ ಹೋದೆವು. ನೆಲಮಾಳಿಗೆಯಲ್ಲಿ ಸಾಲಾಗಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳು. ಎಲ್ಲ ಬಾಗಿಲಲ್ಲೂ ಬಣ್ಣದ ದೀಪ ಹಾಕಿಕೊಂಡ ಫ್ಯಾನುಗಳು ಯಾರಿಗೂ ಗಾಳಿ ಬೀಸದೆ ತಿರುಗುತ್ತಿದ್ದವು. ನಾವು ಒಳಹೊಕ್ಕ ಅಂಗಡಿಯವರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದರು. ಮಗಳು ಹಣೆ ತೋರಿಸಿದ ಮೇಲೆ ಅವಳನ್ನೇ ದೊಡ್ಡ ಗಿರಾಕಿ ಎಂದು ತಿಳಿದು ಎಲ್ಲವನ್ನೂ ಅವಳಿಗೇ ವಿವರಿಸಿದರು.

ನಾನು ಒಳಗಿನ ಮೂಲೆಯಲ್ಲಿದ್ದ ಅತಿ ದೊಡ್ಡ ಕ್ಯಾಬಿನೆಟ್ಟಿನ ಮುಂದೆ ನಿಂತೆ. ಉಕ್ಕಿನ ಚೌಕಟ್ಟು, ದಪ್ಪ ಗಾಜಿನ ಪಕ್ಕೆ. ಎತ್ತಲು ನೋಡಿದೆ, ನೆಲಕ್ಕೆ ಅಂಟಿದಂತಿತ್ತು. ಯಾಕೋ ಸಮಾಧಾನವಾಯಿತು.

"ಅದು ಬೀರು ಮೇಡಂ," ಎಂದರು ಅಂಗಡಿಯವರು. "ಬಟ್ಟೆ ಕೂಡ ಮಡಚಿಡಬಹುದು."

ಮಗಳು ಇನ್ನೊಂದು ಕಡೆ ನಿಂತಿದ್ದಳು. ಅಲ್ಲೊಂದು ಚಿಕ್ಕ ಕ್ಯಾಬಿನೆಟ್, ದಿಂಬಿನಷ್ಟಗಲ, ಮೇಲೆ ಸೂಟ್‌ಕೇಸಿಗಿರುವಂಥ ಹಿಡಿಕೆ. ಅವಳು ಹಿಡಿಕೆಗೆ ಕೈಹಾಕಿ ಎತ್ತಿ, ಬಾಗಿಲವರೆಗೆ ನಡೆದು, ತಿರುಗಿ ಬಂದು ಇದ್ದಲ್ಲೇ ಇಟ್ಟಳು. ಹೊತ್ತುಕೊಂಡು ಓಡಾಡುವವರಿಗೆಂದೇ ಮಾಡಿದ್ದು ಅದು, ಹಾಸ್ಟೆಲ್ಲಿಗೆ ಹೋಗುವ ಮಕ್ಕಳು ತುಂಬ ಕೊಳ್ಳುತ್ತಾರೆ ಎಂದರು ಅಂಗಡಿಯವರು.

ಯೋಚಿಸುತ್ತೇವೆ ಎಂದು ಹೇಳಿ ಬಂದೆವು. ದಾರಿಯಲ್ಲಿ ಅವಳು ಕೈಯನ್ನು ಮುಚ್ಚುತ್ತ ಬಿಚ್ಚುತ್ತ ನಡೆಯುತ್ತಿದ್ದಳು. ಹಿಡಿಕೆ ಒತ್ತಿತ್ತೇನೋ.

ಫೆಬ್ರವರಿ ೧೧, ಮಂಗಳವಾರ

ಅಕ್ಕ ಫೋನ್ ಮಾಡಿದ್ದಳು. ಕಂಪ್ಯೂಟರ್ ಕಥೆಯನ್ನೆಲ್ಲ ಕೇಳಿಸಿಕೊಂಡಳು.

"ಹಸು ಕಟ್ಟೋಕೆ ಗೂಟ ನೆಡ್ತಾರಲ್ಲ, ಹಾಗೆ ನೆಡ್ತಿದ್ದೀಯ ನೀನು. ಕಂಪ್ಯೂಟರ್ ಅಂತೆ ಕಂಪ್ಯೂಟರ್."

ಮಗುವಿಗೆ ಓದಿಗೆ ಬೇಕು, ಅದಕ್ಕೆ ಅಷ್ಟೆಲ್ಲ ಅರ್ಥ ಹಚ್ಚಬೇಡ ಎಂದೆ. ಸರಿ ಕಣೇ, ನಾನು ಹಳೇ ಕಾಲದವಳು ಎಂದಳು. ನನಗಿಂತ ಬರೀ ಎರಡು ವರ್ಷ ದೊಡ್ಡವಳು.

ಫೆಬ್ರವರಿ ೧೪, ಶುಕ್ರವಾರ

ಆಫೀಸಿನಿಂದ ನೇರವಾಗಿ ಅಂಗಡಿಗೆ ಹೋಗಿ ಆ ದೊಡ್ಡ ಕ್ಯಾಬಿನೆಟ್ ಕೊಂಡೆ. ಅವಳಿಗೆ ಹೇಳದೆಯೇ. ಆಶ್ಚರ್ಯವಾಗಲಿ ಎಂದು ಹೇಳಲಿಲ್ಲ ಎಂದು ಬರೆಯಹೊರಟಿದ್ದೆ. ಅದು ಹಾಗಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದು ಹೇಳಲಿಲ್ಲ.

ಅಂಗಡಿಯವರೂ ಆಟೋದವನೂ ಸೇರಿ ಮೆಟ್ಟಿಲು ಹತ್ತಿಸಿಕೊಟ್ಟರು. ಅದರ ಹೊರಪೆಟ್ಟಿಗೆ ಚೆನ್ನಾಗಿದೆ, ಐದು ಪದರದ ರಟ್ಟು, ಮೂಲೆಗಳಿಗೆ ಬೇರೆ ಆಸರೆ. ನಾನಾದರೂ ಹಾಗೇ ಮಾಡುತ್ತಿದ್ದೆ.

ಅವಳು ಬಂದು, ಬ್ಯಾಗನ್ನು ಹೆಗಲಿನಿಂದ ಇಳಿಸದೆ ಅದನ್ನು ನೋಡಿದಳು.

"ಇದನ್ನ ಯಾರು ಎತ್ತೋದು?"

"ಎತ್ತೋದ್ಯಾಕೆ? ಇಟ್ಟಲ್ಲಿ ಇರುತ್ತೆ."

ನನ್ನ ಮುಖವನ್ನು ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ತನ್ನ ಕೋಣೆಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆತ್ತಗೆ ಹಾಕಿಕೊಂಡಳು. ಬಡಿದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ ೧೭, ಸೋಮವಾರ

ಮೇಜಿನ ಮೇಲಿನ ರಟ್ಟಿನ ಹಾಳೆ ಇಲ್ಲ. ಎಲ್ಲಿ ಎಂದು ಕೇಳಿದೆ. ಎಣ್ಣೆ ಕಲೆಯಾಗಿತ್ತು, ಬಿಸಾಕಿದೆ ಎಂದಳು.

ಫೆಬ್ರವರಿ ೨೩, ಭಾನುವಾರ

ಪೆಟ್ಟಿಗೆ ಹಜಾರದಲ್ಲೇ ಇದೆ, ಸೀಲು ಕೂಡ ಕೊಯ್ದಿಲ್ಲ. ಸ್ನಾನದ ಮನೆಗೆ ಹೋಗುವಾಗ ಇಬ್ಬರೂ ಅದನ್ನು ಸುತ್ತಿಕೊಂಡು ಹೋಗುತ್ತೇವೆ. ಎರಡು ಸಲ ಅದನ್ನು ಎಡವಿದೆ. ಅವಳು ಒಮ್ಮೆಯೂ ಎಡವಲಿಲ್ಲ.

ಮಾತು ಬೇಕಾದಷ್ಟು ಆಡುತ್ತಾಳೆ: ಹಾಲು ಮುಗಿದಿದೆ, ನಾಳೆ ತಡವಾಗುತ್ತದೆ, ಸರಿ ಅಮ್ಮ. ಕೇಳಕೂಡದು ಎಂದು ಒಪ್ಪಿಕೊಂಡಿದ್ದೇನೆ, ಕೇಳಿಲ್ಲ. ಆದರೆ ನಾನು ಕೇಳದೆ ಇರುವುದು ಕೇಳುವುದಕ್ಕಿಂತ ಗಟ್ಟಿಯಾಗಿ ಕೇಳಿಸುತ್ತಿದೆಯೋ ಏನೋ.

ಮಾರ್ಚ್ ೧, ಶನಿವಾರ

ಹೇಳಿದಳು.

ಕೋಣೆ ಚಿಕ್ಕದು. ದುಂಡು ಮೇಜು, ನಾಲ್ಕು ಕುರ್ಚಿ, ನಡುವೆ ಟಿಶ್ಯೂ ಪೆಟ್ಟಿಗೆ. ಆ ಪೆಟ್ಟಿಗೆಯ ಒಂದು ಬದಿಯ ಅಂಟು ಸರಿಯಾಗಿ ಹಿಡಿದಿರಲಿಲ್ಲ, ಮಡಿಕೆ ಬಾಯಿ ಬಿಟ್ಟುಕೊಂಡಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಮಧ್ಯಸ್ಥಿಕೆಯಾಕೆ ಅವಸರವಿಲ್ಲ, ನಿಧಾನವಾಗಿ ಹೇಳು ಎಂದರು. ಮಗಳಿಗೆ ನಿಧಾನ ಬೇಕಾಗಿರಲಿಲ್ಲ.

"ಅಪ್ಪನ ಜೊತೆ."

ಅವಳ ಅಪ್ಪ ತಮ್ಮ ಬೂಟುಗಳನ್ನು ನೋಡಿಕೊಂಡರು. ಗೆದ್ದವರ ಮುಖವಾಗಿರಲಿಲ್ಲ ಅದು. ಅದಕ್ಕಾಗಿ ಅವರನ್ನು ಮೆಚ್ಚಬೇಕು, ಆದರೆ ಇವತ್ತು ಆಗುತ್ತಿಲ್ಲ.

ಕಾರಣ ಹೇಳಲೇಬೇಕೆಂದಿಲ್ಲ ಎಂದರೂ ಅವಳು ಹೇಳಿದಳು. ನನ್ನ ಕಡೆ ನೋಡಲಿಲ್ಲ, ಆ ಟಿಶ್ಯೂ ಪೆಟ್ಟಿಗೆಗೇ ಹೇಳಿದಳು.

"ಅಮ್ಮ ಏನೂ ತಪ್ಪು ಮಾಡಿಲ್ಲ. ಆದ್ರೆ ಅಮ್ಮನ ಜೊತೆ ಇದ್ರೆ ನಾನು ಯಾವಾಗ್ಲೂ ಬೀಳಬಾರದು, ಬೀಳಬಾರದು ಅಂತ್ಲೇ ನಡೀತಿರ್ತೀನಿ. ಅಪ್ಪನ ಮನೇಲಿ ಬೀಳಬಹುದು. ಅಲ್ಲಿ ಯಾರೂ ಅಷ್ಟು ನೋಡ್ತಿರಲ್ಲ."

ಪರೀಕ್ಷೆ ಮುಗಿದ ಕೂಡಲೇ, ತಿಂಗಳ ಕೊನೆಗೆ ಹೊರಡುವುದು ಎಂದಾಯಿತು. ಸಹಿ ಹಾಕಿದೆ. ಹೊರಡುವ ಮುಂಚೆ ಆ ಪೆಟ್ಟಿಗೆಯ ಮಡಿಕೆಯನ್ನು ಬೆರಳಿನಿಂದ ಒತ್ತಿ ಕೂರಿಸಿದೆ. ಕೈ ತೆಗೆದ ಕೂಡಲೇ ಮತ್ತೆ ಬಿಚ್ಚಿಕೊಂಡಿತು.

ಮಾರ್ಚ್ ೨, ಭಾನುವಾರ

ಬಟ್ಟೆ ಒಗೆದೆ.

ಮಾರ್ಚ್ ೩, ಸೋಮವಾರ

ತಿಂಡಿ ತಿನ್ನುವಾಗ ಅವಳೇ ಮಾತು ತೆಗೆದಳು. ಇನ್ನು ಕಂಪ್ಯೂಟರ್ ಬೇಡ ಬಿಡು, ಅಪ್ಪ ಲ್ಯಾಪ್‌ಟಾಪ್ ಕೊಡಿಸುತ್ತಾರಂತೆ ಎಂದಳು. ನನಗೆ ಕಷ್ಟವಾಗಬಾರದೆಂದು ಹೇಳಿದ್ದು, ದನಿಯಲ್ಲೇ ಗೊತ್ತಾಗುತ್ತಿತ್ತು. ನನ್ನ ಮಗಳು ನನಗೆ ಪೆಟ್ಟಾಗದಂತೆ ಫೋಮ್ ಸುತ್ತುತ್ತಿದ್ದಾಳೆ.

ಮಾಡೋಣ ಎಂದಿದ್ದೆ, ಮಾಡೋಣ ಎಂದೆ. ಲ್ಯಾಪ್‌ಟಾಪಿನಲ್ಲಿ ಬಸವನಹುಳು ಮತ್ತೆ ಬಿಸಿಯಾಗಿ ಸಾಯುತ್ತದೆ.

ಮಾರ್ಚ್ ೫, ಬುಧವಾರ

ಅರ್ಧ ದಿನ ರಜೆ ಹಾಕಿ, ಆಟೋದವನ ಕೈಯಲ್ಲಿ ಇಳಿಸಿಕೊಂಡು, ಕ್ಯಾಬಿನೆಟ್ಟನ್ನು ಹಿಂದಿರುಗಿಸಲು ಹೋದೆ. ಹಜಾರದಲ್ಲಿ ಓಡಾಡಲು ಅಡ್ಡವಾಗುತ್ತದೆ, ಮೇಜಿನ ಕೆಳಗೂ ಹಿಡಿಸುವುದಿಲ್ಲ.

"ಬೀರು ವಾಪಸ್ ಬಂತಾ?" ಎಂದರು ಅಂಗಡಿಯವರು. ಹಣೆಯ ಮೇಲಿದ್ದ ಕನ್ನಡಕವನ್ನು ಇಳಿಸಿ ನನ್ನ ಮುಖ ನೋಡಿ, ಮುಂದಿನ ತಮಾಷೆಯನ್ನು ನುಂಗಿಕೊಂಡರು. ಸೀಲು ಕೊಯ್ದಿರಲಿಲ್ಲವಾದ್ದರಿಂದ ತಕರಾರಿಲ್ಲದೆ ಬದಲಿಸಿಕೊಡಲು ಒಪ್ಪಿದರು. ಏನು ಬೇಕು ಎಂದು ಕೇಳಿದಾಗ, ಹಿಡಿಕೆ ಇರುವುದು ಎಂದೆ.

ಚಿಕ್ಕದನ್ನು ಆರಿಸುವುದು ದೊಡ್ಡದನ್ನು ಆರಿಸುವುದಕ್ಕಿಂತ ಎಷ್ಟೋ ಕಷ್ಟ. ದೊಡ್ಡದರಲ್ಲಿ ಏನು ತುರುಕಿದರೂ ಹಿಡಿಸುತ್ತದೆ. ಇದರಲ್ಲಿ ಪ್ರತಿಯೊಂದೂ ಇನ್ನೊಂದಕ್ಕೆ ಜಾಗ ಬಿಡಬೇಕು. ಚಿಕ್ಕ ಬೋರ್ಡ್, ಚಿಕ್ಕ ಪವರ್ ಸಪ್ಲೈ, ಪ್ರೊಸೆಸರನ್ನು ತಣ್ಣಗಿಡಲು ಎತ್ತರ ಕಡಿಮೆಯಿರುವ ಕೂಲರ್. ಮಗಳು ಬೇಕೆಂದಿದ್ದ ಗ್ರಾಫಿಕ್ಸ್ ಕಾರ್ಡ್ ಒಂದು ಬೆರಳಿನಷ್ಟು ಉದ್ದ ಹೆಚ್ಚು. ಆಫೀಸಿನ ಉಕ್ಕಿನ ಸ್ಕೇಲ್ ಬ್ಯಾಗಿನಲ್ಲೇ ಇತ್ತು, ಅಳೆದು ನೋಡಿದೆ. ಬಾಗಿಸಿ ಹಾಕಬಹುದೇ ಎಂದು ಕೂಡ ಒಂದು ಕ್ಷಣ ಅನ್ನಿಸಿತು. ಅದರ ಬದಲು ಎರಡು ಫ್ಯಾನಿನ ಗಿಡ್ಡ ಕಾರ್ಡ್ ಇತ್ತು. ಫೋಟೋ ತೆಗೆದು, ಇದು ಸಾಕಾ ಎಂದು ಅವಳಿಗೆ ಕಳಿಸಿದೆ. ಉತ್ತರವಾಗಿ ಒಂದು ಬಸವನಹುಳುವಿನ ಚಿತ್ರ ಬಂತು, ಅಷ್ಟೇ. ಸಾಕು ಎಂದು ಅರ್ಥ ಮಾಡಿಕೊಂಡೆ.

ಎಲ್ಲವನ್ನೂ ಹೊತ್ತು ಮನೆಗೆ ಬಂದೆ. ಹಿಡಿಕೆ ಚೆನ್ನಾಗಿದೆ, ಕೈಗೆ ಒತ್ತುವುದೇ ಇಲ್ಲ. ಹಾಗಾದರೆ ಅವತ್ತು ಅವಳು ಕೈ ಮುಚ್ಚಿ ಬಿಚ್ಚಿ ಮಾಡುತ್ತಿದ್ದದ್ದು ಏಕೋ.

ಮಾರ್ಚ್ ೯, ಭಾನುವಾರ

ಜೋಡಿಸಿದೆವು.

ಮೇಜಿನ ಮೇಲೆ ಬೆಡ್‌ಶೀಟ್ ಹಾಸಬೇಡ, ಬಟ್ಟೆ ಉಜ್ಜಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಭಾಗಗಳು ಕೆಡುತ್ತವೆ ಎಂದಳು. ಬರೀ ಮರದ ಮೇಲೆ ಶುರುಮಾಡಿದೆವು. ಕೆಲಸವೆಲ್ಲ ಅವಳದು. ನಾನು ಫೋನಿನ ಟಾರ್ಚ್ ಹಿಡಿದು ನಿಂತವಳು. ಪ್ರೊಸೆಸರನ್ನು ಕೂರಿಸಿ ಅದನ್ನು ಬಿಗಿಹಿಡಿಯುವ ಸನ್ನೆಗೋಲನ್ನು ಅದುಮುವಾಗ ಕಿರ್ರೆಂದು ಸದ್ದಾಯಿತು. ಮುರಿಯಿತು ಎಂದೆ. ಅವಳು, ಅದು ಹಾಗೇ ಕೂಗೋದು ಎಂದು ಇನ್ನೂ ಅದುಮಿದಳು.

ಕೂಲರ್ ಕೂರಿಸಿದ ಮೇಲೆ ಅದರ ಫ್ಯಾನಿನ ಸಣ್ಣ ಕೇಬಲ್ಲನ್ನು ಬೋರ್ಡಿಗೆ ಸಿಕ್ಕಿಸುವುದನ್ನು ಮರೆತು ಅವಳು ಮುಂದಕ್ಕೆ ಹೋದಳು. ನನಗೆ ಕಾಣುತ್ತಿತ್ತು. ನಾಲಿಗೆಯ ತುದಿಯವರೆಗೆ ಬಂತು. ಹೇಳಲಿಲ್ಲ. ಟಾರ್ಚನ್ನೂ ಅತ್ತ ತಿರುಗಿಸಲಿಲ್ಲ. ಬಹಳ ಹೊತ್ತಿನ ಮೇಲೆ, ಅಯ್ಯೋ ಇದೊಂದು ಉಳಿದುಹೋಗಿತ್ತು ಎಂದು ಅವಳೇ ಕಂಡುಕೊಂಡು, ಕಾರ್ಡನ್ನು ಮತ್ತೆ ಬಿಚ್ಚಿ ಸಿಕ್ಕಿಸಿದಳು. ಹೇಳಿದ್ದರೆ ಅವಳಿಗೆ ಎರಡೆರಡು ಕೆಲಸ ತಪ್ಪುತ್ತಿತ್ತು. ಯಾಕೆ ಸುಮ್ಮನಿದ್ದೆನೋ.

ಕೊನೆಗೆ, ಆಫೀಸಿನಿಂದ ಕೇಳಿ ತಂದಿದ್ದ ಸ್ಕ್ರೀನಿನ ಕೇಬಲ್ ಹಾಕುವ ಒಂದು ಕೆಲಸ ನನಗೆ ಕೊಟ್ಟಳು. ಹಾಕಿದೆ. ಗುಂಡಿ ಒತ್ತಿದಳು. ಫ್ಯಾನ್ ತಿರುಗಿತು, ದೀಪ ಬಂತು, ಸ್ಕ್ರೀನ್ ಮಾತ್ರ ಕಪ್ಪಗೇ ಇತ್ತು. ಎಲ್ಲ ಮುಗಿಯಿತು, ನಾನು ಆರಿಸಿದ ಆ ಗಿಡ್ಡ ಕಾರ್ಡಿನದೇ ತಪ್ಪು, ನಾಳೆ ಅಂಗಡಿಯವರ ಮುಂದೆ ಏನು ಹೇಳುವುದು ಎಂದು ನಾನು ಒಂದೇ ಸಮನೆ ಬಡಬಡಿಸತೊಡಗಿದೆ. ಅವಳು ಹಿಂದಕ್ಕೆ ಬಗ್ಗಿ ನೋಡಿದವಳು ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದಳು.

"ಅಮ್ಮ, ಮೇಲಿನದಲ್ಲ, ಕೆಳಗಿನದು."

ಹಿಂಭಾಗದಲ್ಲಿ ಒಂದೇ ಥರದ ಎರಡು ತೂತುಗಳಿವೆ. ಮೇಲಿನದು ಬೋರ್ಡಿನದು, ಕೆಳಗಿನದು ಕಾರ್ಡಿನದು. ನಮ್ಮ ಪ್ರೊಸೆಸರಿಗೆ ತಾನಾಗಿ ಚಿತ್ರ ಮೂಡಿಸಲು ಬಾರದಾದ್ದರಿಂದ ಮೇಲಿನದಕ್ಕೆ ಹಾಕಿದರೆ ಏನೂ ಕಾಣಿಸದು. ಹಿಂದಿನ ಬಾಗಿಲು ಬೇಡ ಎಂದು ನಾವೇ ಆರಿಸಿದ್ದಲ್ಲವಾ ಎಂದು ಕಣ್ಣೊರೆಸಿಕೊಂಡಳು. ನಗುವಿನಿಂದ ಬಂದ ನೀರು. ನನಗೂ ಬಂತು. ನನ್ನದು ಯಾವುದರಿಂದ ಎಂದು ನೋಡಲು ಹೋಗಲಿಲ್ಲ.

ಕೆಳಗಿನದಕ್ಕೆ ಹಾಕಿದೆ. ಬಂತು.

ಮಾರ್ಚ್ ೧೮, ಮಂಗಳವಾರ

ಅದಕ್ಕೊಂದು ಪೆಟ್ಟಿಗೆ ಬೇಕಲ್ಲ. ಅಂಗಡಿಯಿಂದ ಬಂದದ್ದು ಖಾಲಿ ಕ್ಯಾಬಿನೆಟ್ಟಿಗಷ್ಟೇ ಸರಿ. ಈಗ ಒಳಗೆ ತೂಕವಿದೆ, ದಾರಿಯುದ್ದಕ್ಕೂ ಕಾರು ಕುಲುಕುತ್ತದೆ.

ಕೆಲಸ ಮುಗಿದ ಮೇಲೆ ಗೀಟು ಎಳೆದು ಕತ್ತರಿಸುವ ಮೇಜಿಗೆ ಕೊಂಡೊಯ್ದೆ. ಅಲ್ಲಿಯವನು ನಮ್ಮ ಕಾರ್ಖಾನೆಯ ಬಾಯಿಬಡುಕ.

"ಎಷ್ಟು ಪೀಸು ಮೇಡಂ?"

"ಒಂದು."

"ಒಂದಕ್ಕೆ ಇಷ್ಟು ಡ್ರಾಯಿಂಗಾ? ಒಳಗೇನು, ಕಿರೀಟನಾ?"

ಒಂದಕ್ಕೇ ಎಂದೆ. ಅವನು ತಲೆ ಕೆರೆದುಕೊಂಡು ಕತ್ತರಿಸಿದ. ಎರಡೂ ಪಕ್ಕದಲ್ಲಿ ಕೈ ತೂರಿಸುವ ಕಂಡಿ ಬಿಡಿಸಿದ್ದೆ, ಅಂಚು ತರಚದಂತೆ ಒಳಮಡಿಕೆ ಇಟ್ಟಿದ್ದೆ. ಒಳಗೆ ಅಷ್ಟೇ ತೂಕದ ಇಟ್ಟಿಗೆ ಹಾಕಿ ಸೊಂಟದ ಎತ್ತರದಿಂದ ಬೀಳಿಸಿದೆವು. ಮೂಲೆ ಜಜ್ಜಿತು, ಇಟ್ಟಿಗೆ ಅಲುಗಲಿಲ್ಲ. ಪಾಸು ಮೇಡಂ ಎಂದ.

ಜಜ್ಜಿದ್ದನ್ನು ಬಿಟ್ಟು ಹೊಸದೊಂದನ್ನು ಮಾಡಿಸಿಕೊಂಡೆ. ಇದನ್ನು ಬೀಳಿಸಿ ನೋಡಲಿಲ್ಲ. ಬೀಳಿಸಿ ನೋಡಿದ ಪೆಟ್ಟಿಗೆಯನ್ನು ಯಾವ ಗಿರಾಕಿಗೂ ಕಳಿಸುವುದಿಲ್ಲ. ನೋಡದೆ ಇರುವುದನ್ನೇ ಕಳಿಸಬೇಕು. ಇಷ್ಟು ವರ್ಷ ಇದೇ ಕೆಲಸ ಮಾಡುತ್ತ ಇದು ನನಗೆ ವಿಚಿತ್ರ ಅನ್ನಿಸಿರಲಿಲ್ಲ.

ಮಾರ್ಚ್ ೨೯, ಶನಿವಾರ

ಬೆಳಿಗ್ಗೆ ಅವಳ ಅಪ್ಪ ಬಂದರು. ಕಾಫಿ ಕುಡಿಯುತ್ತೀರಾ ಎಂದು ಕೇಳಿದೆ. ನಿಂತೇ ಕುಡಿದರು. ಈ ಮನೆಯಲ್ಲಿ ಅವರ ಕುರ್ಚಿ ಯಾವುದು ಎಂದು ಇಬ್ಬರಿಗೂ ಗೊತ್ತಿತ್ತು, ಅದರ ಮೇಲೆ ಅವಳ ಬಟ್ಟೆಯ ಚೀಲವಿತ್ತು.

ಕಾರ್ಡ್ ತೂಗದಂತೆ ಕ್ಯಾಬಿನೆಟ್ಟಿನ ಒಳಗೂ ಫೋಮ್ ಇಟ್ಟಿದ್ದೆ. ಹಚ್ಚುವ ಮುಂಚೆ ತೆಗೆಯಬೇಕು ಎಂದು ಅವಳಿಗೆ ಹೇಳಿದೆ. ಇನ್ನೊಂದು ಸಲ ಹೇಳಿದೆ. ಮೂರನೇ ಸಲ ಬಾಯಿ ತೆರೆದವಳು ಮುಚ್ಚಿಕೊಂಡೆ. ಅವಳಿಗೆ ಅದು ಕಂಡಿತೆಂದು ತೋರುತ್ತದೆ, ಏಕೆಂದರೆ ತಾನೇ, "ಫೋಮ್ ತೆಗೀತೀನಮ್ಮ," ಎಂದಳು.

ಪೆಟ್ಟಿಗೆಯನ್ನು ನಾನು ಒಂದು ಕಡೆ, ಅವಳು ಒಂದು ಕಡೆ ಕೈ ತೂರಿಸಿ ಹಿಡಿದು ಮೆಟ್ಟಿಲು ಇಳಿಸಿದೆವು. ಒಬ್ಬರೇ ಎತ್ತಬಹುದಾದಷ್ಟು ಹಗುರ ಅದು. ಇಬ್ಬರೂ ಹಾಗೆನ್ನಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಅದನ್ನಿಟ್ಟು, ಸೀಟ್ ಬೆಲ್ಟ್ ಹಾಕಿ, ಪಕ್ಕದಲ್ಲಿ ತಾನು ಕೂತಳು. ಅಪ್ಪ ಮುಂದೆ ಬಾ ಎಂದರೂ ಹೋಗಲಿಲ್ಲ. ಗಾಜು ಇಳಿಸಿ ಏನೋ ಹೇಳುವಂತೆ ಮಾಡಿದಳು, ಅಷ್ಟರಲ್ಲಿ ಹಿಂದೆ ಒಂದು ಲಾರಿ ಹಾರ್ನ್ ಹೊಡೆಯಿತು. ಕಾರು ಹೊರಟಿತು.

ಮೇಲೆ ಬಂದು ಅವರು ಕುಡಿದ ಲೋಟ ತೊಳೆದೆ. ಹಜಾರದಲ್ಲಿ ಈಗ ಎಡವಲು ಏನೂ ಇಲ್ಲ. ಆದರೂ ಆ ಜಾಗವನ್ನು ಸುತ್ತಿಕೊಂಡೇ ನಡೆಯುತ್ತಿದ್ದೇನೆ.

ಮಾರ್ಚ್ ೩೧, ಸೋಮವಾರ

ಅಕ್ಕ ಬರುತ್ತೇನೆಂದಳು. ಬೇಡ ಎಂದೆ. ಅನ್ನ ಒಬ್ಬಳಿಗೆ ಎಷ್ಟು ಹಾಕಬೇಕೆಂದು ಅಂದಾಜು ಸಿಗುತ್ತಿಲ್ಲ.

ಏಪ್ರಿಲ್ ೨, ಬುಧವಾರ

ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವಳ ಫೋನ್ ಬಂತು. ಹೋದ ಮೇಲೆ ಮೊದಲನೆಯದು. ತಲುಪಿದೆವು ಎಂದು ಒಂದು ಸಾಲು ಬರೆದು ಕಳಿಸಿದ್ದು ಬಿಟ್ಟರೆ ಇಲ್ಲಿಯವರೆಗೆ ಏನೂ ಇರಲಿಲ್ಲ.

"ಅಮ್ಮ, ಸ್ಕ್ರೀನ್ ಬರ್ತಿಲ್ಲ."

ಫೋಮ್ ತೆಗೆದು ಅಪ್ಪನ ಸ್ಕ್ರೀನಿಗೆ ಜೋಡಿಸಿದಳಂತೆ. ಫ್ಯಾನ್ ತಿರುಗುತ್ತಿದೆಯಂತೆ, ದೀಪವೂ ಬರುತ್ತಿದೆಯಂತೆ. ಸ್ಕ್ರೀನ್ ಮಾತ್ರ ಕಪ್ಪಂತೆ. ಅಪ್ಪ ಕೆಲಸದಿಂದ ಇನ್ನೂ ಬಂದಿಲ್ಲ, ಅಲ್ಲಿ ಅಂಗಡಿ ಎಲ್ಲಿದೆ ಎಂದೂ ಗೊತ್ತಿಲ್ಲ ಎಂದಳು.

ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಹೇಳದೆ ನಿಂತೆ. ತೆಗೆದುಕೊಂಡು ಬಾ, ನೋಡೋಣ ಎಂದಿದ್ದರೆ ಶನಿವಾರ ಬರುತ್ತಿದ್ದಳು. ಪೆಟ್ಟಿಗೆ ಹೇಗೂ ಇದೆ, ಅಪ್ಪ ಕರೆತರುತ್ತಿದ್ದರು, ಒಂದು ರಾತ್ರಿಯಾದರೂ ಇಲ್ಲಿರುತ್ತಿದ್ದಳು. ಆ ವಾಕ್ಯ ಪೂರ್ತಿಯಾಗಿ ನನ್ನ ಬಾಯಲ್ಲಿತ್ತು. ಅವಳೂ ಅತ್ತ ಕಾಯುತ್ತಿದ್ದಳು.

"ಸ್ಕ್ರೀನ್ ಕೇಬಲ್ ಎಲ್ಲಿಗೆ ಹಾಕಿದೀಯ ನೋಡು. ಮೇಲಿನದಲ್ಲ, ಕೆಳಗಿನದು."

ಕುರ್ಚಿ ಸರಿದ ಸದ್ದು. ಆಮೇಲೆ, "ಬಂತು," ಎಂದಳು.

"ಸರಿ."

"ಸರಿ ಅಮ್ಮ."

ಇಬ್ಬರೂ ಫೋನ್ ಇಡಲಿಲ್ಲ. ಫ್ಯಾನಿನ ಸದ್ದು ಸಣ್ಣಗೆ ಕೇಳಿಸುತ್ತಿತ್ತು, ಎರಡು ಫ್ಯಾನಿನ ಆ ಗಿಡ್ಡ ಕಾರ್ಡಿನದು. ಬಸವನಹುಳು ಎಲ್ಲಿಗೆ ಬಂತು ಎಂದು ಕೇಳಿದೆ. ಇನ್ನೂ ಮೆಟ್ಟಿಲ ಮೇಲೆಯೇ ಇದೆ ಎಂದಳು. ಆಮೇಲೆ ಯಾರೋ ಬಾಗಿಲು ತಟ್ಟಿದ್ದು ಕೇಳಿತು, ಅಪ್ಪ ಬಂದ್ರು ಎಂದು ಇಟ್ಟಳು.

ಇನ್ನು ಅದು ಕೆಡಲಿಕ್ಕಿಲ್ಲ. ಒಂದೊಂದು ಭಾಗವನ್ನೂ ನೋಡಿಯೇ ಆರಿಸಿದ್ದೇವೆ, ವರ್ಷಗಟ್ಟಲೆ ಓಡುತ್ತದೆ. ಅಂದರೆ ಅವಳು ನನಗೆ ಫೋನ್ ಮಾಡಬೇಕಾದ ಕಾರಣವೊಂದನ್ನು ಇವತ್ತು ನಾನೇ ಸರಿಪಡಿಸಿ ಮುಗಿಸಿದೆ.

ಆ ಕೇಬಲ್ ವಿಷಯವನ್ನು ನನಗೆ ಹೇಳಿಕೊಟ್ಟವಳು ಅವಳೇ ಎಂದು ಈಗ ಬರೆಯುವಾಗ ನೆನಪಾಗುತ್ತಿದೆ. ಹೊಸ ಮನೆಯ ಗಡಿಬಿಡಿಯಲ್ಲಿ ಮರೆತಿರಬೇಕು.